ಸೋಲು ಖಚಿತವೆಂದು ತಿಳಿದೂ ಜೂಜು ಬಿಡಲಾಗದ್ದೇಕೆ? ನಿಷೇಧ ಕಾಯ್ದೆ ಮುಟ್ಟದ ಒಂದು ನಂಬಿಕೆ

ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಒಪ್ಪಿಗೆ ನೀಡಿದವು. ಮರುದಿನವೇ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಅದಾದ ಕೆಲವೇ ದಿನಗಳಲ್ಲಿ ರಮ್ಮಿ, ಪೋಕರ್, ನಿಜವಾದ ಪಂದ್ಯದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ ಆಡುವ ಫ್ಯಾಂಟಸಿ ಕ್ರಿಕೆಟ್ ನಡೆಸುತ್ತಿದ್ದ ದೊಡ್ಡ ಕಂಪನಿಗಳು ಹಣದ ಆಟಗಳನ್ನು ನಿಲ್ಲಿಸಿದವು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಪ್ರಾಯೋಜಕರ ಹೆಸರೂ ಹೋಯಿತು.

ಕೊಡಗಿನಂತಹ ಗಡಿ ಜಿಲ್ಲೆಯಲ್ಲಿ ಈ ಸುದ್ದಿ ಗೊಂದಲ ಹುಟ್ಟಿಸಿದ್ದು ಸಹಜ. ಮೊಬೈಲ್‌ನಲ್ಲಿ ಹಣದ ರಮ್ಮಿ ಆಡಿಸುವುದು ಈಗ ಅಪರಾಧ. ಆದರೆ ಮಾಕುಟ್ಟದ ಘಾಟಿ ಇಳಿದು ಇರಿಟ್ಟಿಗೆ ಹೋದರೆ, ಕುಟ್ಟದಿಂದ ತೋಲ್ಪೆಟ್ಟಿ ದಾಟಿ ಮಾನಂದವಾಡಿ ತಲುಪಿದರೆ, ಕರಿಕೆಯಿಂದ ಪಾಣತ್ತೂರಿಗೆ ಇಳಿದರೆ, ಕೇರಳ ಸರ್ಕಾರವೇ 1967ರಿಂದ ನಡೆಸುತ್ತಿರುವ ಲಾಟರಿಯ ಟಿಕೆಟ್ ರಸ್ತೆ ಬದಿಯಲ್ಲೇ ಸಿಗುತ್ತದೆ. ಅದೇ ಟಿಕೆಟ್ಟನ್ನು ಗಡಿಯ ಈಚೆಗೆ ತಂದು ಮಾರುವಂತಿಲ್ಲ, ಏಕೆಂದರೆ ಕರ್ನಾಟಕ 2007ರಲ್ಲೇ ಲಾಟರಿಯನ್ನು ನಿಷೇಧಿಸಿದೆ. ಮೈಸೂರಿನ ರೇಸ್ ಕೋರ್ಸ್‌ನಲ್ಲಿ ಕುದುರೆಯ ಮೇಲೆ ಹಣ ಕಟ್ಟಬಹುದು. ಹೋಂಸ್ಟೇಯೊಂದರ ಕೋಣೆಯನ್ನು ಜೂಜಿನ ಅಡ್ಡೆಯಾಗಿಸಿಕೊಂಡು ಅಂದರ್ ಬಾಹರ್ ಎಂಬ ಇಸ್ಪೀಟು ಜೂಜು ಆಡುತ್ತ ಸಿಕ್ಕಿಬಿದ್ದವರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಮೊಕದ್ದಮೆ ಹೂಡಬಹುದು. ಹೊಸ ಕೇಂದ್ರ ಕಾಯ್ದೆಯಾದರೋ ಆಡಿಸಿದವರನ್ನು ಶಿಕ್ಷಿಸುತ್ತದೆಯೇ ಹೊರತು ಆಡಿದವರನ್ನಲ್ಲ.

ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ಚರ್ಚೆ ನಡೆಯುತ್ತಲೇ ಇದೆ. ಅದರ ನಡುವೆ ಮನೆಮಂದಿಯನ್ನು ನಿಜವಾಗಿ ಕಾಡುವ ಪ್ರಶ್ನೆ ಹಿಂದೆ ಸರಿದಿದೆ. ಆಪ್ ಹೋಯಿತು, ಆಡುವ ತುಡಿತವೂ ಹೋಗುತ್ತದೆಯೇ? ಮೂರು ದಶಕಗಳಿಂದ ಬೆಳೆದುಬಂದಿರುವ ಮನೋವಿಜ್ಞಾನದ ಒಂದು ಶಾಖೆ ಇದಕ್ಕೆ ಕೊಡುವ ಉತ್ತರ ಗಮನಾರ್ಹವಾದದ್ದು. ವ್ಯಕ್ತಿ ಆಟದ ಬಗ್ಗೆ ಏನನ್ನು ನಂಬಿದ್ದಾನೆ ಎಂಬುದಕ್ಕಿಂತ, ಆಟದ ಕುರಿತು ತನ್ನ ತಲೆಯಲ್ಲಿ ಏಳುವ ಆಲೋಚನೆಗಳ ಬಗ್ಗೆ ಏನನ್ನು ನಂಬಿದ್ದಾನೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ ಎನ್ನುತ್ತದೆ ಆ ಶಾಖೆ.

ಕೌಶಲವೋ, ಅದೃಷ್ಟವೋ

ಭಾರತದ ನ್ಯಾಯಾಲಯಗಳು ಸುಮಾರು ಏಳು ದಶಕಗಳಿಂದ ಇಂತಹ ಆಟಗಳನ್ನು ಒಂದೇ ಪ್ರಶ್ನೆಯಿಂದ ಅಳೆಯುತ್ತ ಬಂದಿವೆ: ಇದರಲ್ಲಿ ಕೌಶಲ ಹೆಚ್ಚೋ, ಅದೃಷ್ಟ ಹೆಚ್ಚೋ? ಕೌಶಲದಿಂದ ಗೆಲ್ಲಬಹುದಾದ ಸ್ಪರ್ಧೆಯನ್ನು ನಡೆಸುವುದು ಸಂವಿಧಾನದ ರಕ್ಷಣೆಯುಳ್ಳ ವ್ಯಾಪಾರ, ಜೂಜಿಗೆ ಆ ರಕ್ಷಣೆಯಿಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಹೇಳಿತು. 1968ರಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಿತು. 1996ರಲ್ಲಿ ಕುದುರೆ ಪಂದ್ಯವನ್ನೂ ಅದೇ ಸಾಲಿಗೆ ಸೇರಿಸಿತು. ಆನ್‌ಲೈನ್ ಕಂಪನಿಗಳು ಬೆಳೆದದ್ದು ಈ ತೀರ್ಪುಗಳ ನೆರಳಿನಲ್ಲಿ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಕೌಶಲದ ಆಟವಾದರೂ ಹಣ ಪಣಕ್ಕಿಟ್ಟರೆ ಅಪರಾಧವೆಂದು ಮಾಡಿದಾಗ, ಹೈಕೋರ್ಟ್ 2022ರ ಫೆಬ್ರುವರಿ 14ರಂದು ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಮಾಡಿತು.

ಕೌಶಲ ಮತ್ತು ಅದೃಷ್ಟದ ನಡುವಿನ ಈ ಗೆರೆಯನ್ನು 2025ರ ಕೇಂದ್ರ ಕಾಯ್ದೆ ಅಳಿಸಿಹಾಕಿದೆ. ಹಣ ಕಟ್ಟಿ, ಹಣ ಗೆಲ್ಲುವ ನಿರೀಕ್ಷೆಯಿಂದ ಆಡುವ ಆನ್‌ಲೈನ್ ಆಟ ಯಾವುದೇ ಇರಲಿ, ಅದನ್ನು ಒದಗಿಸಿದವರಿಗೆ 3 ವರ್ಷದವರೆಗೆ ಜೈಲು ಅಥವಾ 1 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಜಾಹೀರಾತು ನೀಡಿದವರಿಗೆ 2 ವರ್ಷ ಹಾಗೂ 50 ಲಕ್ಷ ರೂಪಾಯಿಯ ಮಿತಿ ಇದೆ. ಹಣ ವರ್ಗಾವಣೆಗೆ ನೆರವಾಗುವ ಸಂಸ್ಥೆಗಳೂ ಹೊಣೆಗಾರರು. ಕಂಪನಿಗಳ ವಾದವೆಂದರೆ, ಕೌಶಲದ ಆಟವನ್ನು ನಡೆಸುವುದು ತಮ್ಮ ಹಕ್ಕು, ಜೂಜನ್ನು ನಿಯಂತ್ರಿಸುವ ಅಧಿಕಾರ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ, ಅಂದರೆ ಅದು ರಾಜ್ಯಗಳದ್ದು, ಅಲ್ಲದೆ ನಿಷೇಧದಿಂದ ಆಟಗಾರರು ವಿದೇಶಿ ತಾಣಗಳತ್ತ ಹೋಗುತ್ತಾರೆ. ವ್ಯಸನ, ಕುಟುಂಬಗಳ ಆರ್ಥಿಕ ನಾಶ, ಅಕ್ರಮ ಹಣ ಸಾಗಣೆಗಳನ್ನು ತಡೆಯುವುದಕ್ಕೆ ಬೇರೆ ದಾರಿ ಉಳಿದಿರಲಿಲ್ಲ ಎನ್ನುತ್ತದೆ ಸರ್ಕಾರ. ಕರ್ನಾಟಕವೂ ಸೇರಿದಂತೆ ಬೇರೆ ಬೇರೆ ಹೈಕೋರ್ಟ್‌ಗಳಲ್ಲಿ ದಾಖಲಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಎರಡೂ ಕಡೆಯವರ ವಾದ ಸುತ್ತುವುದು ಆಟದ ಸ್ವರೂಪ ಮತ್ತು ಅಧಿಕಾರದ ವ್ಯಾಪ್ತಿಯ ಸುತ್ತ. ಆಟಗಾರನ ಮನಸ್ಸಿನೊಳಗೆ ‘ಕೌಶಲ’ ಎಂಬ ಮಾತು ಮಾಡುವ ಕೆಲಸವೇ ಬೇರೆ.

ಆಟದ ಬಗೆಗಿನ ತಪ್ಪು ಲೆಕ್ಕ

ಜೂಜಿನ ಮನೋವಿಜ್ಞಾನ ಮೊದಲು ಹಿಡಿದದ್ದು ತಪ್ಪು ಲೆಕ್ಕಗಳನ್ನು. ಅಮೆರಿಕದ ಮನೋವಿಜ್ಞಾನಿ ಎಲೆನ್ ಲ್ಯಾಂಗರ್ 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಚೇರಿ ನೌಕರರಿಗೆ ಒಂದೊಂದು ಡಾಲರಿನ ಲಾಟರಿ ಟಿಕೆಟ್ ಮಾರಲಾಯಿತು. ಕೆಲವರು ತಮ್ಮ ಟಿಕೆಟ್ಟನ್ನು ತಾವೇ ಆರಿಸಿಕೊಂಡರು, ಉಳಿದವರಿಗೆ ಕೊಟ್ಟದ್ದೇ ಟಿಕೆಟ್. ಆಮೇಲೆ ಅದನ್ನು ಬೇರೆಯವರಿಗೆ ಮಾರುವಿರಾ ಎಂದು ಕೇಳಿದಾಗ, ತಾವೇ ಆರಿಸಿಕೊಂಡವರು ಸರಾಸರಿ 8.67 ಡಾಲರ್ ಬಯಸಿದರು, ಉಳಿದವರು 1.96 ಡಾಲರ್. ಗೆಲ್ಲುವ ಸಂಭವ ಇಬ್ಬರಿಗೂ ಒಂದೇ ಇತ್ತು. ಕೈಯಾರೆ ಆರಿಸಿದ್ದೇ ಹಿಡಿತವಿದೆ ಎಂಬ ಭ್ರಮೆ ಹುಟ್ಟಿಸಿತ್ತು. ಇನ್ನೊಂದು ಪ್ರಸಿದ್ಧ ಉದಾಹರಣೆ 1913ರ ಆಗಸ್ಟ್ 18ರದು. ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ರೂಲೆಟ್ ಚಕ್ರದ ಚೆಂಡು ಸತತ 26 ಬಾರಿ ಕಪ್ಪು ಮನೆಯಲ್ಲೇ ಬಿತ್ತು. ಇಷ್ಟು ಸಲ ಕಪ್ಪು ಬಂದ ಮೇಲೆ ಇನ್ನು ಕೆಂಪು ಬರಲೇಬೇಕು ಎಂದು ಲೆಕ್ಕ ಹಾಕಿದವರು ಅಪಾರ ಹಣ ಕಳೆದುಕೊಂಡರು.

ಕೊಡಗಿನಲ್ಲಿ ಈ ಭ್ರಮೆಗೆ ವಿಶೇಷವಾದ ಒಂದು ಆಸರೆ ಇದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಿಂದ ಹಿಡಿದು ಬೇಸಗೆಯ ಕ್ರಿಕೆಟ್ ಪಂದ್ಯಾವಳಿಗಳವರೆಗೆ, ಇಲ್ಲಿಯ ಜನ ಆಟವನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿ ಬಲ್ಲವರು. ಆಟಗಾರನ ಕಾಲ್ಚಳಕ, ಪಿಚ್‌ನ ತೇವ, ಬೌಲರ್‌ನ ದಣಿವು ಇವರ ಕಣ್ಣಿಗೆ ಬೀಳುತ್ತದೆ. ಈ ತಿಳಿವಳಿಕೆ ನಿಜವಾದದ್ದೇ. ಆದರೆ ಫ್ಯಾಂಟಸಿ ತಂಡ ಕಟ್ಟಿ ಲಕ್ಷಾಂತರ ಮಂದಿಯ ಎದುರು ಹಣ ಹೂಡಿದಾಗ ಅದೇ ತಿಳಿವಳಿಕೆ ಉಳಿದವರಿಗೂ ಇರುತ್ತದೆ, ಕಂಪನಿ ತನ್ನ ಪಾಲನ್ನು ಮೊದಲೇ ಕಡಿದುಕೊಂಡಿರುತ್ತದೆ, ಒಂದು ರಾತ್ರಿಯ ಫಲಿತಾಂಶದಲ್ಲಿ ಆಕಸ್ಮಿಕದ ಪಾಲು ದೊಡ್ಡದಿರುತ್ತದೆ. ಆಟ ಬಲ್ಲವನೆಂಬ ಹೆಮ್ಮೆ ಈ ಮೂರನ್ನೂ ಮರೆಸುತ್ತದೆ.

ಹಾಗಾದರೆ ಸಂಭವನೀಯತೆಯ ಲೆಕ್ಕ ಕಲಿಸಿದರೆ ಜೂಜು ಬಿಟ್ಟುಹೋಗಬೇಕಲ್ಲವೇ? ಕೆಲವರ ಮಟ್ಟಿಗೆ ಹೌದು. ಇಂತಹ ತಪ್ಪು ನಂಬಿಕೆಗಳನ್ನು ತಿದ್ದುವ ಚಿಕಿತ್ಸೆಯಿಂದ ಪ್ರಯೋಜನ ಪಡೆದವರಿದ್ದಾರೆ. ಆದರೆ ಲೆಕ್ಕ ಚೆನ್ನಾಗಿ ಗೊತ್ತಿದ್ದೂ ಬಿಡಲಾಗದವರ ಸಂಖ್ಯೆ ಸಣ್ಣದಲ್ಲ. ‘ಕೊನೆಗೆ ಸೋಲುವುದು ನಾನೇ ಎಂದು ಗೊತ್ತು’ ಎನ್ನುತ್ತಲೇ ಹಣ ಕಟ್ಟುವ ಮನುಷ್ಯನಿಗೆ ಗಣಿತ ಹೇಳಿಕೊಡುವುದರಿಂದ ಆಗುವುದೇನೂ ಇಲ್ಲ. ಅವನನ್ನು ಹಿಡಿದಿಟ್ಟಿರುವುದು ಬೇರೊಂದು ನಂಬಿಕೆ.

ಆಲೋಚನೆಯ ಬಗೆಗಿನ ನಂಬಿಕೆ

ತನ್ನ ಆಲೋಚನೆಯನ್ನು ಕುರಿತು ಮನುಷ್ಯನಿಗಿರುವ ತಿಳಿವಳಿಕೆಗೆ ಮೆಟಾಕಾಗ್ನಿಷನ್ ಎನ್ನುತ್ತಾರೆ. ಅಮೆರಿಕದ ಜಾನ್ ಫ್ಲಾವೆಲ್ 1970ರ ದಶಕದಲ್ಲಿ ಮಕ್ಕಳ ಕಲಿಕೆಯ ಅಧ್ಯಯನದಲ್ಲಿ ಬಳಸಿದ ಈ ಪರಿಕಲ್ಪನೆಯನ್ನು ಮಾನಸಿಕ ತೊಂದರೆಗಳಿಗೆ ವ್ಯವಸ್ಥಿತವಾಗಿ ಅನ್ವಯಿಸಿದವರು ಬ್ರಿಟನ್ನಿನ ಏಡ್ರಿಯನ್ ವೆಲ್ಸ್ ಮತ್ತು ಜೆರಾಲ್ಡ್ ಮ್ಯಾಥ್ಯೂಸ್. 1994ರಲ್ಲಿ ಅವರು ಮುಂದಿಟ್ಟ ವಾದ ಸರಳವಾದದ್ದು. ಕೆಟ್ಟ ಆಲೋಚನೆ, ಆತಂಕ, ಆಸೆ ಎಲ್ಲರ ತಲೆಯಲ್ಲೂ ಏಳುತ್ತವೆ, ಸಾಮಾನ್ಯವಾಗಿ ತಾವಾಗಿಯೇ ಅಡಗುತ್ತವೆ. ಅವು ಅಡಗದೆ ಗಂಟೆಗಟ್ಟಲೆ ಉಳಿಯುವುದಕ್ಕೆ ಕಾರಣ, ಆ ಆಲೋಚನೆಯನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಬಗ್ಗೆ ವ್ಯಕ್ತಿಗಿರುವ ನಂಬಿಕೆ.

ಈ ನಂಬಿಕೆಗಳನ್ನು ಅಳೆಯಲು ವೆಲ್ಸ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಪ್ರಶ್ನಾವಳಿಯ 30 ಪ್ರಶ್ನೆಗಳ ಆವೃತ್ತಿ 2004ರಿಂದ ಬಳಕೆಯಲ್ಲಿದೆ. ಚಿಂತಿಸುವುದರಿಂದ ಒಳ್ಳೆಯದಾಗುತ್ತದೆ ಎಂಬ ನಂಬಿಕೆ, ನನ್ನ ಆಲೋಚನೆಗಳು ಹಿಡಿತಕ್ಕೆ ಸಿಗುವುದಿಲ್ಲ, ಅವು ಅಪಾಯಕಾರಿ ಎಂಬ ನಂಬಿಕೆ, ನನ್ನ ನೆನಪು ಮತ್ತು ಗಮನದ ಮೇಲಿನ ಅಪನಂಬಿಕೆ, ಆಲೋಚನೆಗಳನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲೇಬೇಕು ಎಂಬ ಒತ್ತಾಯ, ತನ್ನ ತಲೆಯೊಳಗೆ ಏನು ನಡೆಯುತ್ತಿದೆ ಎಂದು ಸದಾ ಕಾಯುತ್ತಿರುವ ಅಭ್ಯಾಸ, ಹೀಗೆ ಐದು ಎಳೆಗಳನ್ನು ಅದು ಹುಡುಕುತ್ತದೆ. ಗಮನಿಸಬೇಕಾದದ್ದು, ಇದರಲ್ಲಿ ಜೂಜಿನ ಹೆಸರೇ ಇಲ್ಲ.

ಹಾಗಿದ್ದೂ 2011ರಲ್ಲಿ ಲಿಂಡ್‌ಬರ್ಗ್, ಫರ್ನಿ ಮತ್ತು ಸ್ಪಾಡ ಎಂಬ ಸಂಶೋಧಕರು ಜೂಜಿನಿಂದ ತೊಂದರೆಗೊಳಗಾದ 91 ಮಂದಿಯನ್ನು ಅಧ್ಯಯನ ಮಾಡಿದಾಗ ಈ ಎಳೆಗಳಿಗೂ ಜೂಜಿನ ತೀವ್ರತೆಗೂ ಸಂಬಂಧ ಕಂಡಿತು. ಆತಂಕ ಮತ್ತು ಖಿನ್ನತೆಯ ಪ್ರಭಾವವನ್ನು ಬದಿಗಿಟ್ಟು ನೋಡಿದ ಮೇಲೂ ಎರಡು ನಂಬಿಕೆಗಳು ಉಳಿದವು: ಆಲೋಚನೆಗಳು ಹಿಡಿತಕ್ಕೆ ಸಿಗದವು, ಅಪಾಯಕಾರಿ ಎಂಬುದು ಒಂದು, ಅವನ್ನು ಹತೋಟಿಯಲ್ಲಿ ಇಡಲೇಬೇಕು ಎಂಬುದು ಇನ್ನೊಂದು. ಇವೆರಡೂ ಒಂದಕ್ಕೊಂದು ವಿರುದ್ಧವಾಗಿರುವುದನ್ನು ನೋಡಿ. ಹತೋಟಿಗೆ ತರಲೇಬೇಕಾದದ್ದು ಹತೋಟಿಗೆ ಬರುವುದೇ ಇಲ್ಲ ಎಂದು ನಂಬಿದವನ ಸ್ಥಿತಿ ಎಂಥದು ಎಂದು ಊಹಿಸಿದರೆ ಈ ಸಂಶೋಧನೆಯ ತೂಕ ಅರ್ಥವಾಗುತ್ತದೆ. ನಂತರದ ವರ್ಷಗಳಲ್ಲಿ ಜೂಜಿಗೇ ಮೀಸಲಾದ ಪ್ರಶ್ನಾವಳಿಯೂ ಬಂತು. ‘ಆಡಿದರೆ ಚಿಂತೆ ಮರೆಯುತ್ತದೆ, ತಲೆ ಹಗುರಾಗುತ್ತದೆ’ ಎಂಬ ಬಗೆಯ ಒಳ್ಳೆಯ ನಂಬಿಕೆಗಳನ್ನೂ ‘ಆಟದ ಯೋಚನೆ ಒಮ್ಮೆ ಹೊಕ್ಕರೆ ತಡೆಯಲಾಗದು’ ಎಂಬ ಬಗೆಯ ಕೆಟ್ಟ ನಂಬಿಕೆಗಳನ್ನೂ ಅದು ಬೇರೆ ಬೇರೆಯಾಗಿ ಕೇಳುತ್ತದೆ.

ಕಾರಣದಿಂದ ಪರಿಣಾಮದವರೆಗಿನ ಸರಪಳಿಯನ್ನು ಬಿಡಿಸಿ ನೋಡಲು, ಪೊನ್ನಂಪೇಟೆ ಕಡೆಯ ಒಬ್ಬ ಬೆಳೆಗಾರನನ್ನು ಕಲ್ಪಿಸಿಕೊಳ್ಳೋಣ. ಸಂಜೆ ಬ್ಯಾಂಕಿನಿಂದ ಸಾಲದ ಕಂತಿನ ಸಂದೇಶ ಬರುತ್ತದೆ. ಅದರ ಹಿಂದೆಯೇ, ಕಳೆದುಕೊಂಡ ಹಣವನ್ನು ಇವತ್ತಿನ ಪಂದ್ಯದಲ್ಲಿ ಎತ್ತಬಹುದು ಎಂಬ ಯೋಚನೆ ಸುಳಿಯುತ್ತದೆ. ಇಲ್ಲಿಯವರೆಗೆ ಅಪಾಯವೇನೂ ಇಲ್ಲ. ಆದರೆ ಯೋಚಿಸಿದರೆ ದಾರಿ ಹೊಳೆಯುತ್ತದೆ ಎಂದು ಅವನು ನಂಬಿದ್ದಾನೆ, ಹಾಗಾಗಿ ಆ ಯೋಚನೆಯ ಜೊತೆ ಕುಳಿತುಬಿಡುತ್ತಾನೆ. ಗೆದ್ದ ಹಣ ಖಾತೆಗೆ ಬಂದಂತೆ, ಸಾಲ ತೀರಿದಂತೆ ಚಿತ್ರಗಳನ್ನು ಕಾಣುತ್ತಾನೆ. ಇಷ್ಟು ಕಟ್ಟಿದರೆ ಇಷ್ಟು ಬರುತ್ತದೆ ಎಂದು ತನಗೆ ತಾನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಾನೆ. ಇಟಲಿಯ ಗೇಬ್ರಿಯೆಲೆ ಕಸೆಲ್ಲಿ ಮತ್ತು ಬ್ರಿಟನ್ನಿನ ಮಾರ್ಕಾಂಟೊನಿಯೊ ಸ್ಪಾಡ ಇದನ್ನು ಬಯಕೆಯ ಚಿಂತನೆ ಎಂದು ಗುರುತಿಸಿ, ಚಿತ್ರ ಕಾಣುವುದು ಮತ್ತು ಮಾತಿನಲ್ಲಿ ಮೆಲುಕು ಹಾಕುವುದು ಎಂಬ ಎರಡು ಭಾಗಗಳನ್ನು ವಿವರಿಸಿದ್ದಾರೆ. ಮೊದಲಿಗೆ ಇದು ಹಿತವೆನಿಸುತ್ತದೆ. ಹೊತ್ತು ಹೋದಂತೆ ಬಯಕೆ ತಣಿಯದೆ ಬೆಳೆಯುತ್ತದೆ, ಏಕೆಂದರೆ ಕಣ್ಣ ಮುಂದಿನ ಚಿತ್ರಕ್ಕೂ ಕೈಯಲ್ಲಿರುವ ಸಾಲಕ್ಕೂ ನಡುವಿನ ಅಂತರ ಇನ್ನಷ್ಟು ಎದ್ದು ಕಾಣುತ್ತದೆ.

ಈಗ ಎರಡನೆಯ ನಂಬಿಕೆಯ ಸರದಿ. ತುಡಿತ ಹೆಚ್ಚಿದ್ದನ್ನು ಕಂಡು, ‘ಇದು ನನ್ನ ಕೈ ಮೀರಿತು, ಆಡದಿದ್ದರೆ ತಲೆ ಕೆಟ್ಟೇ ಹೋಗುತ್ತದೆ’ ಎಂದು ಅವನು ತೀರ್ಮಾನಿಸುತ್ತಾನೆ. ಆ ಸಂಕಟದಿಂದ ಪಾರಾಗುವ ದಾರಿಯಾಗಿ ಹಣ ಕಟ್ಟುತ್ತಾನೆ. ಕಟ್ಟಿದ ಕ್ಷಣಕ್ಕೆ ನಿರಾಳ. ಆ ನಿರಾಳವೇ ಎರಡೂ ನಂಬಿಕೆಗಳಿಗೆ ಸಾಕ್ಷಿಯಾಗಿ ನಿಲ್ಲುತ್ತದೆ: ಆಡಿದ್ದರಿಂದ ಮನಸ್ಸು ತಿಳಿಯಾಯಿತು, ಆಡದೆ ತಡೆಯಲು ಸಾಧ್ಯವೇ ಇರಲಿಲ್ಲ. ತುಡಿತವನ್ನು ಹಾಗೆಯೇ ಬಿಟ್ಟಿದ್ದರೆ ಅರ್ಧ ಗಂಟೆಯಲ್ಲಿ ತಾನಾಗಿ ಇಳಿಯುತ್ತಿತ್ತೇನೋ ಎಂಬುದನ್ನು ತಿಳಿಯುವ ಅವಕಾಶ ಅವನಿಗೆ ಒದಗುವುದೇ ಇಲ್ಲ. ಅವನು ನಿಲ್ಲಿಸುವುದು ಮನಸ್ಸು ತೃಪ್ತವಾದಾಗಲ್ಲ, ಹಣ ಮುಗಿದಾಗ.

ಜೂಜಿನ ವ್ಯಸನವನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಒಂಬತ್ತು ಲಕ್ಷಣಗಳಿವೆ, ಒಂದು ವರ್ಷದ ಅವಧಿಯಲ್ಲಿ ನಾಲ್ಕು ಕಂಡರೆ ವ್ಯಸನವೆಂದು ಪರಿಗಣಿಸುತ್ತಾರೆ. ಸದಾ ಜೂಜಿನದೇ ಯೋಚನೆ, ಮನಸ್ಸಿಗೆ ಬೇಸರವಾದಾಗ ಆಡುವುದು, ನಿಲ್ಲಿಸಲು ಮತ್ತೆ ಮತ್ತೆ ಯತ್ನಿಸಿ ಸೋಲುವುದು, ಕಳೆದ ಹಣದ ಬೆನ್ನು ಹತ್ತುವುದು ಆ ಪೈಕಿ ನಾಲ್ಕು. ಮೇಲಿನ ಸರಪಳಿಯಲ್ಲಿ ಈ ನಾಲ್ಕೂ ಒಂದರಿಂದೊಂದು ಹುಟ್ಟುವುದನ್ನು ಕಾಣಬಹುದು.

‘ಮನಸ್ಸು ಗಟ್ಟಿ ಮಾಡಿಕೋ’ ಎಂಬ ಬುದ್ಧಿವಾದ

ಮನೆಯಲ್ಲಿ ವಿಷಯ ಬಯಲಾದಾಗ ಹಿರಿಯರು ಹೇಳುವ ಮಾತು ಬಹುಪಾಲು ಇದೇ. ಆ ಯೋಚನೆಯನ್ನೇ ತಲೆಗೆ ತಂದುಕೊಳ್ಳಬೇಡ, ಮನಸ್ಸು ಗಟ್ಟಿ ಮಾಡಿಕೋ. ಹೇಳುವವರ ಕಾಳಜಿಯಲ್ಲಿ ಅನುಮಾನವಿಲ್ಲ. ಆದರೆ ಮೇಲಿನ ಸಂಶೋಧನೆಯ ಬೆಳಕಿನಲ್ಲಿ ಈ ಮಾತನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ. ಆಲೋಚನೆಯನ್ನು ಹತೋಟಿಯಲ್ಲಿ ಇಡಲೇಬೇಕು ಎಂಬ ನಂಬಿಕೆಯೇ ಜೂಜಿನ ತೀವ್ರತೆಯೊಂದಿಗೆ ಸೇರಿ ಬರುತ್ತದೆ ಎಂದಾದರೆ, ಆ ನಂಬಿಕೆಯನ್ನು ಬಲಪಡಿಸುವ ಬುದ್ಧಿವಾದ ಉಲ್ಟಾ ಪರಿಣಾಮ ಬೀರಬಹುದು.

ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದಾಗ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಗಂಟೆ ಮೊಳಗುತ್ತಲೇ ಇತ್ತು. ಅನಂತರ ಈಗ ಬೇಕಾದಷ್ಟು ನೆನೆಯಿರಿ ಎಂದಾಗ, ಮೊದಲು ತಡೆಹಿಡಿದಿದ್ದವರು ಆರಂಭದಿಂದಲೇ ನೆನೆಯಲು ಬಿಟ್ಟಿದ್ದವರಿಗಿಂತ ಹೆಚ್ಚು ಸಲ ನೆನೆದರು. ಒಂದು ಆಲೋಚನೆ ಬಾರದಂತೆ ನೋಡಿಕೊಳ್ಳಬೇಕಾದರೆ ಅದು ಬಂತೇ ಎಂದು ಕಾಯುತ್ತಿರಬೇಕು, ಕಾಯುವುದೇ ಅದನ್ನು ಕರೆಯುತ್ತದೆ. ಜೂಜಿನ ಯೋಚನೆಯನ್ನು ಅದುಮುವವನು ಹೀಗೆ ಮತ್ತೆ ಮತ್ತೆ ಸೋತಾಗ, ತನ್ನ ಮನಸ್ಸು ಬೇರೆಯವರ ಮನಸ್ಸಿಗಿಂತ ದುರ್ಬಲ ಎಂದು ನಂಬುತ್ತಾನೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರುಗಳಲ್ಲಿ, ಒಕ್ಕದ, ಅಂದರೆ ಕುಲದ ಮನೆತನದ, ಮರ್ಯಾದೆಯ ಪ್ರಶ್ನೆಯೂ ಜೊತೆಗೂಡಿದಾಗ, ಅವನು ನೆರವು ಕೇಳುವುದನ್ನೇ ಬಿಡುತ್ತಾನೆ. ಸಾಲ ಗುಟ್ಟಾಗಿ ಬೆಳೆಯುವುದು ಆಗಲೇ.

ಮೆಟಾಕಾಗ್ನಿಟಿವ್ ಚಿಕಿತ್ಸೆ ಹಿಡಿಯುವ ದಾರಿ ಅದುಮುವುದೂ ಅಲ್ಲ, ಯೋಚನೆಯ ಬೆನ್ನು ಹತ್ತುವುದೂ ಅಲ್ಲ. ಆಟದ ಯೋಚನೆ ಬಂದಾಗ ‘ಒಂದು ಯೋಚನೆ ಬಂತು’ ಎಂದಷ್ಟೇ ಗುರುತಿಸಿ, ಅದಕ್ಕೆ ಉತ್ತರ ಕೊಡುವುದನ್ನು ಸಂಜೆಯ ಒಂದು ನಿಗದಿತ ಹೊತ್ತಿಗೆ ಮುಂದೂಡುವ ಅಭ್ಯಾಸವನ್ನು ಅದು ಕಲಿಸುತ್ತದೆ. ಆ ಹೊತ್ತು ಬಂದಾಗ ಎಷ್ಟೋ ಸಲ ಯೋಚನೆಗೆ ಮೊದಲಿನ ಬಿಸಿ ಉಳಿದಿರುವುದಿಲ್ಲ. ಯೋಚನೆ ಬರುವುದು ನನ್ನ ಕೈಯಲ್ಲಿಲ್ಲ, ಅದರ ಜೊತೆ ಕೂರುವುದು ಅಥವಾ ಕೂರದಿರುವುದು ನನ್ನ ಕೈಯಲ್ಲಿದೆ ಎಂಬುದನ್ನು ವ್ಯಕ್ತಿ ಯಾರೋ ಹೇಳಿ ತಿಳಿಯುವುದಿಲ್ಲ, ಮಾಡಿ ತಿಳಿಯುತ್ತಾನೆ. ಬೇರೆ ಬೇರೆ ಶಬ್ದಗಳ ನಡುವೆ ಗಮನವನ್ನು ಬೇಕೆಂದಾಗ ಅತ್ತಿತ್ತ ಹೊರಳಿಸುವ ತರಬೇತಿಯೂ ಇದರ ಭಾಗ. ಬುದ್ಧಿವಾದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸೂಕ್ಷ್ಮವಾಗಿ ಕಂಡರೂ ಫಲಿತಾಂಶದಲ್ಲಿ ದೊಡ್ಡದು.

ಕಾಫಿ ನಾಡಿನಲ್ಲಿ ಈ ನಂಬಿಕೆ ಬೇರೂರುವ ಬಗೆ

ಯೋಚಿಸುತ್ತಿದ್ದರೆ ದಾರಿ ಸಿಗುತ್ತದೆ ಎಂಬ ನಂಬಿಕೆ ಕೊಡಗಿನ ಬದುಕಿನಲ್ಲಿ ಬರೀ ಭ್ರಮೆಯಲ್ಲ. 1990ರ ದಶಕದಲ್ಲಿ ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲಿಂಗ್ ವ್ಯವಸ್ಥೆ ಕೊನೆಗೊಂಡು ಮಾರಾಟ ಮುಕ್ತವಾದ ಮೇಲೆ, ಕಾಫಿಯನ್ನು ಈಗ ಕೊಡಬೇಕೋ, ಇನ್ನೆರಡು ತಿಂಗಳು ಗೋದಾಮಿನಲ್ಲಿ ಇಡಬೇಕೋ, ಹಣ್ಣಿನ ಸಿಪ್ಪೆ ತೆಗೆದು ತೊಳೆದು ಪಾರ್ಚ್‌ಮೆಂಟ್ ಮಾಡಬೇಕೋ, ಇಡೀ ಹಣ್ಣನ್ನು ಚೆರಿಯಾಗಿಯೇ ಒಣಗಿಸಬೇಕೋ ಎಂಬ ತೀರ್ಮಾನ ಬೆಳೆಗಾರನ ಹೆಗಲಿಗೇ ಬಿತ್ತು. ಲಂಡನ್ನಿನ ರೊಬಸ್ಟಾ ಬೆಲೆ, ನ್ಯೂಯಾರ್ಕಿನ ಅರೇಬಿಕಾ ಬೆಲೆ ಅವನ ಮೊಬೈಲ್‌ನಲ್ಲೇ ಇರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಸಮಯಕ್ಕೆ ಬೀಳದಿದ್ದರೆ ತುಂತುರು ನೀರಾವರಿಗೆ ಡೀಸೆಲ್ ಸುರಿಯಬೇಕೇ ಎಂದೂ ಅವನೇ ನಿರ್ಧರಿಸಬೇಕು. ಇಲ್ಲಿ ಯೋಚಿಸಿದವನಿಗೆ ಫಲ ಸಿಗುತ್ತದೆ, ಕಾದವನಿಗೆ ಒಮ್ಮೊಮ್ಮೆ ದೊಡ್ಡ ಲಾಭವೇ ಆಗುತ್ತದೆ. ಇತ್ತೀಚಿನ ವರ್ಷಗಳ ಬೆಲೆ ಏರಿಕೆ ಆ ಅನುಭವವನ್ನು ಇನ್ನಷ್ಟು ಗಟ್ಟಿಮಾಡಿದೆ. ತೋಟದಲ್ಲಿ ಸರಿಯಾದ ಈ ನಂಬಿಕೆಯೇ ಪಣದ ಆಟಕ್ಕೆ ಹೋದಾಗ ಕೈಕೊಡುತ್ತದೆ. ಅಲ್ಲಿ ರಾತ್ರಿಯಿಡೀ ಯೋಚಿಸಿದರೂ ಗೆಲುವಿನ ಸಂಭವ ಕೂದಲೆಳೆಯಷ್ಟೂ ಏರದಿರಬಹುದು. ಏರುವುದು ಬಯಕೆ ಮಾತ್ರ.

ಕಾಲದ ಹೊಂದಾಣಿಕೆಯೂ ಪ್ರತಿಕೂಲ. ಕಾಫಿ ಕುಯ್ಲು ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ವರ್ಷದ ಹಣ ಕೈಗೆ ಬರುವ, ಬೆಳೆ ಸಾಲ ತೀರಿಸಿ ಹೊಸದು ಪಡೆಯುವ ಮಾರ್ಚ್ ತಿಂಗಳ ಬೆನ್ನಿಗೇ ಐಪಿಎಲ್ ಆರಂಭವಾಗುತ್ತದೆ. ಒಟ್ಟಿಗೆ ಬಂದ ಹಣ, ಅದರ ಮೇಲೆ ಕಾಯುತ್ತಿರುವ ಸಾಲ, ಪ್ರತಿ ಸಂಜೆಯೂ ಒಂದು ಪಂದ್ಯ. ತೋಟದ ಲೈನ್ ಮನೆಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ಇರುವ ಕಾರ್ಮಿಕರ ಕಥೆ ಬೇರೆ. ಅವರಿಗೆ ವಾರದ ಬಟವಾಡೆ, ಸಣ್ಣ ಮೊತ್ತ, ಊರಿನಿಂದ ದೂರದ ಒಂಟಿತನ. ಅಂಥವರಲ್ಲಿ ‘ಆಡಿದರೆ ಚಿಂತೆ ಮರೆಯುತ್ತದೆ’ ಎಂಬ ನಂಬಿಕೆಯ ಪಾಲು ಹೆಚ್ಚಿರಬಹುದು. ಒಂದೇ ವ್ಯಸನದ ಹಿಂದೆ ಬೇರೆ ಬೇರೆ ನಂಬಿಕೆಗಳಿರಬಹುದೆಂಬ ಈ ಮಾತು ನೆರವು ನೀಡುವವರಿಗೆ ಮುಖ್ಯ.

ಈ ವಾದಕ್ಕಿರುವ ಆಕ್ಷೇಪಗಳು

ಇಷ್ಟು ಹೇಳಿದ ಮೇಲೆ ಎದುರು ವಾದವನ್ನೂ ಅಷ್ಟೇ ಗಂಭೀರವಾಗಿ ಕೇಳಬೇಕು. ಜೂಜು ಮತ್ತು ಮೆಟಾಕಾಗ್ನಿಷನ್ ಕುರಿತ ಅಧ್ಯಯನಗಳಲ್ಲಿ ಹೆಚ್ಚಿನವು ಒಂದೇ ಸಮಯದಲ್ಲಿ ಪ್ರಶ್ನೆ ಕೇಳಿ ಸಂಬಂಧ ಹುಡುಕಿದಂಥವು. ಆಲೋಚನೆ ಹಿಡಿತಕ್ಕೆ ಸಿಗದೆಂಬ ನಂಬಿಕೆಯಿಂದ ಜೂಜು ಹೆಚ್ಚಿತೋ, ಜೂಜಿನಲ್ಲಿ ಸೋತು ಸೋತು ಆ ನಂಬಿಕೆ ಹುಟ್ಟಿತೋ ಎಂಬುದನ್ನು ಅಂತಹ ಅಧ್ಯಯನ ಬಿಡಿಸಿ ಹೇಳಲಾರದು. 91 ಮಂದಿಯ ಗುಂಪು ದೊಡ್ಡದೇನಲ್ಲ. ಬಹುಪಾಲು ಸಂಶೋಧನೆ ನಡೆದಿರುವುದು ಯುರೋಪಿನಂತಹ ಕಡೆ, ಕೊಡಗಿನಂತಹ ಕೃಷಿ ಪ್ರದೇಶದಲ್ಲಲ್ಲ. ಆತಂಕ ಮತ್ತು ಖಿನ್ನತೆಗೆ ಈ ಚಿಕಿತ್ಸೆಯ ಫಲವನ್ನು ತೋರಿಸುವ ಪ್ರಯೋಗಗಳು ಸಾಕಷ್ಟಿದ್ದರೂ ಜೂಜಿನ ಮಟ್ಟಿಗೆ ಅವು ವಿರಳ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ತೊಂದರೆ ಆಟಗಾರನ ನಂಬಿಕೆಯಲ್ಲಿದೆ ಎಂದರೆ ಆಡಿಸುವ ಕಂಪನಿಯ ಹೊಣೆ ಜಾರಿಹೋಗುವುದಿಲ್ಲವೇ? ಹೊಣೆಯರಿತು ಆಡಿ ಎಂದು ಜಾಹೀರಾತಿನ ಕೊನೆಯಲ್ಲಿ ಗಡಿಬಿಡಿಯಿಂದ ಉಸುರುವ ಮಾತಿಗೆ ಇದು ಬೆಂಬಲವಾಗುವುದಿಲ್ಲವೇ? ಈ ಆತಂಕ ನ್ಯಾಯವಾದದ್ದು. ಕೂದಲೆಳೆಯಲ್ಲಿ ಗೆಲುವು ತಪ್ಪಿತೆಂಬ ಭಾವನೆಯೇ ಮತ್ತೆ ಆಡುವ ಬಯಕೆಯನ್ನು ಹೆಚ್ಚಿಸುತ್ತದೆ ಎಂದು ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಮೆದುಳಿನ ಚಿತ್ರಣದ ಮೂಲಕ ತೋರಿಸಿದ್ದಾರೆ. ಸ್ಲಾಟ್ ಯಂತ್ರಗಳಂತಹ ಆಟಗಳು ಅಂತಹ ಕ್ಷಣಗಳನ್ನು ಬೇಕೆಂದೇ ಒದಗಿಸುತ್ತವೆ. ಕ್ಷಣಕ್ಕೊಂದು ಫಲಿತಾಂಶ, ನಡುರಾತ್ರಿ ಬರುವ ಬೋನಸ್ ಸಂದೇಶ ಇವೆಲ್ಲ ಯೋಚನೆಗೂ ಹಣ ಕಟ್ಟುವುದಕ್ಕೂ ನಡುವಿನ ಬಿಡುವನ್ನು ಇಲ್ಲವಾಗಿಸಲೆಂದೇ ಇರುವಂಥವು. ಆದ್ದರಿಂದ ನಂಬಿಕೆಯ ಮಾತು ಕಾನೂನಿನ ಬದಲಿಗೆ ಬರುವಂಥದ್ದಲ್ಲ, ಕಾನೂನಿನ ಜೊತೆಗೆ ಬರಬೇಕಾದದ್ದು.

ನಿಷೇಧ ಏನು ಮಾಡಬಲ್ಲದು, ಏನು ಮಾಡಲಾರದು

ಆ ಬಿಡುವಿನ ಕಡೆಯಿಂದ ನೋಡಿದರೆ 2025ರ ಕಾಯ್ದೆಯ ನಿಜವಾದ ಪ್ರಯೋಜನ ಕಾಣುತ್ತದೆ. ಅದು ಬಯಕೆಯನ್ನು ಅಳಿಸುವುದಿಲ್ಲ, ಬಯಕೆಗೂ ಪಣಕ್ಕೂ ನಡುವಿನ ದೂರವನ್ನು ಹೆಚ್ಚಿಸುತ್ತದೆ. ಮೊಬೈಲ್‌ನಲ್ಲಿ ಎರಡು ಸಲ ಬೆರಳೊತ್ತಿ ಆಗುತ್ತಿದ್ದ ಕೆಲಸಕ್ಕೆ ಈಗ ಕಳ್ಳ ಲಿಂಕ್ ಹುಡುಕಬೇಕು, ವಿಪಿಎನ್ ಹಾಕಬೇಕು, ಅಪರಿಚಿತರ ಖಾತೆಗೆ ಹಣ ಕಳಿಸಬೇಕು. ಲಾಟರಿ ಬೇಕೆಂದರೆ ಘಾಟಿ ಇಳಿಯಬೇಕು. ಈ ದೂರದಲ್ಲಿ ಎಷ್ಟೋ ಜನರ ತುಡಿತ ಇಳಿದುಹೋಗುತ್ತದೆ, ಅವರ ಪಾಲಿಗೆ ಕಾಯ್ದೆ ಗೆದ್ದಂತೆಯೇ. ಆದರೆ ‘ಆಡದಿದ್ದರೆ ತಲೆ ಕೆಡುತ್ತದೆ’ ಎಂದು ನಂಬಿದವನಿಗೆ ಅದೇ ದೂರ ಸಂಕಟವನ್ನು ಹಿಗ್ಗಿಸುತ್ತದೆ. ಅವನು ಕಳ್ಳ ದಾರಿಯನ್ನು ಹುಡುಕಿಯೇ ತೀರುತ್ತಾನೆ, ಮತ್ತು ಅಲ್ಲಿ ಗೆದ್ದ ಹಣ ಬರದಿದ್ದರೂ, ಖಾತೆ ಬರಿದಾದರೂ ದೂರು ಕೊಡಲು ಅಂಜುತ್ತಾನೆ. ಆಡಿದವನಿಗೆ ಈ ಕಾಯ್ದೆಯಡಿ ಶಿಕ್ಷೆಯಿಲ್ಲ ಎಂಬ ಅಂಶ ಎಲ್ಲ ಊರುಗಳಿಗೂ ತಲುಪುವುದು ಇದಕ್ಕಾಗಿಯೇ ಅಗತ್ಯ.

ಇನ್ನೊಂದು ಸಂಭವವೆಂದರೆ ತುಡಿತ ಕಾನೂನುಬದ್ಧವಾದ ಬೇರೊಂದು ಜಾಗಕ್ಕೆ ಸರಿಯುವುದು. ಮುಂದಿನ ದಿನಗಳ ಬೆಲೆಯ ಏರಿಳಿತದ ಮೇಲೆ ಹಣ ಹೂಡುವ ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟನ್ನು ಈ ಕಾಯ್ದೆ ಮುಟ್ಟುವುದಿಲ್ಲ. ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಅಲ್ಲಿ ವಹಿವಾಟು ಮಾಡಿದ ಬಿಡಿ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿದೆ. ಅಲ್ಲಿ ಹೋಗುವವರೆಲ್ಲ ಜೂಜುಕೋರರಲ್ಲ, ನಿಜ. ಆದರೆ ಸಾಲದ ಚಿಂತೆ, ‘ಯೋಚಿಸಿದರೆ ಹೊಳೆಯುತ್ತದೆ’ ಎಂಬ ಭರವಸೆ, ಕಳೆದದ್ದನ್ನು ಎತ್ತುವ ಹಟ ಇವು ಜೊತೆಗಿದ್ದರೆ ಮೊಬೈಲ್ ಪರದೆಯ ಮೇಲಿನ ಹೆಸರಷ್ಟೇ ಬದಲಾಗಿರುತ್ತದೆ.

ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿದರೂ, ರದ್ದುಮಾಡಿದರೂ ಜಿಲ್ಲಾ ಮಟ್ಟದ ಕೆಲಸ ಉಳಿದೇ ಇರುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿ ತಾಲ್ಲೂಕುಗಳಿಗೆ ಹೋದಾಗ ಮದ್ಯದ ಬಗ್ಗೆ ಕೇಳುವಂತೆ ಜೂಜಿನ ಬಗ್ಗೆಯೂ ಕೇಳುವುದು ಕಷ್ಟದ ಮಾತಲ್ಲ. ಎಷ್ಟು ಹಣ ಹೋಯಿತು ಎಂಬ ಪ್ರಶ್ನೆ ಮಾತ್ರ ಕೇಳಿದರೆ ಮನುಷ್ಯ ಸುಳ್ಳು ಹೇಳಿ ಎದ್ದು ಹೋಗುತ್ತಾನೆ. ಆಟದ ಯೋಚನೆ ಬಂದಾಗ ಏನು ಮಾಡುತ್ತೀರಿ, ಅದನ್ನು ತಡೆಯದಿದ್ದರೆ ಏನಾದೀತು ಎಂದು ಹೆದರುತ್ತೀರಿ ಎಂದು ಕೇಳಿದರೆ ಮಾತು ಮುಂದುವರಿಯುವ ಸಾಧ್ಯತೆ ಹೆಚ್ಚು. ಸಹಕಾರ ಸಂಘಗಳು ಬೆಳೆ ಸಾಲ ನವೀಕರಿಸುವ ಮಾರ್ಚ್ ತಿಂಗಳು, ಅಂದರೆ ಐಪಿಎಲ್ ಶುರುವಾಗುವ ಮೊದಲಿನ ವಾರಗಳು, ಇಂತಹ ವಿಚಾರಣೆಗೆ ಒಳ್ಳೆಯ ಸಮಯ.

ಮನೆಯಲ್ಲಿ ಈಗಾಗಲೇ ತೊಂದರೆ ಕಾಣಿಸಿಕೊಂಡಿದ್ದರೆ ಕಾಯುವ ಅಗತ್ಯವಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಕರೆ ಮಾಡಬಹುದು. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ಜಿಲ್ಲೆಯೊಳಗೇ ಇದೆ. ಮೊಬೈಲ್ ಮತ್ತು ಆನ್‌ಲೈನ್ ಆಟಗಳ ವ್ಯಸನಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ. ಅಲ್ಲಿಗೆ ಹೋಗುವಾಗ ಸಾಲದ ಪಟ್ಟಿಯ ಜೊತೆಗೆ, ಆಡಬೇಕೆನಿಸಿದ ಹೊತ್ತು ಯಾವುದು, ಅದಕ್ಕೆ ಮುಂಚೆ ತಲೆಯಲ್ಲಿ ಓಡಿದ್ದೇನು, ಎಷ್ಟು ಹೊತ್ತು ಅದರ ಜೊತೆ ಕುಳಿತಿದ್ದೆ ಎಂಬುದನ್ನು ಒಂದು ವಾರ ಬರೆದಿಟ್ಟುಕೊಂಡು ಒಯ್ದರೆ ಚಿಕಿತ್ಸಕರ ಕೆಲಸ ಸುಲಭವಾಗುತ್ತದೆ.